ಫೈಬರ್: ಬಲ ನಾರಿನದು, ಭರವಸೆ ಕೆಲಸದ್ದು

ಕರಾವಳಿಯ ಮೀನುಗಾರಿಕೆ ಬಂದರುಗಳ ಹಿಂಬದಿಯಲ್ಲಿ ದೋಣಿ ಕಟ್ಟುವ ಶೆಡ್ಡುಗಳಿವೆ. ಒಳಗೆ ಕಾಲಿಡುವ ಮೊದಲೇ ರೆಸಿನ್ ಎಂಬ ಅಂಟುದ್ರವದ ಘಾಟು ಮೂಗಿಗೆ ಅಡರುತ್ತದೆ. ನೆಲದ ಮೇಲೆ ದೋಣಿಯ ಆಕಾರದ ದೊಡ್ಡ ಅಚ್ಚು. ಅದರ ಒಳಮೈಗೆ ಮೇಣ ತಿಕ್ಕಿ, ಬಣ್ಣದ ಜೆಲ್‌ಕೋಟ್ ಬಳಿದಾಗಿದೆ. ಒಬ್ಬರು ಗಾಜಿನ ನಾರಿನ ಬಿಳಿ ಮ್ಯಾಟನ್ನು ಕತ್ತರಿಸಿ ಹಾಸುತ್ತಾರೆ. ಇನ್ನೊಬ್ಬರು ಮಗ್ಗಿನಲ್ಲಿ ರೆಸಿನ್‌ಗೆ ಅದನ್ನು ಗಟ್ಟಿಯಾಗಿಸುವ ಕೆಟಲಿಸ್ಟ್ ಬೆರೆಸಿ ತಂದು ಬ್ರಷ್ಷಿನಿಂದ ಅದರ ಮೇಲೆ ಬಳಿಯುತ್ತಾರೆ. ಬಿಳಿ ಮ್ಯಾಟು ರೆಸಿನ್ ಕುಡಿದು, ನೋಡನೋಡುತ್ತಿದ್ದಂತೆ ಅರೆಪಾರದರ್ಶಕವಾಗುತ್ತದೆ. ಮೂರನೆಯವರು ಲೋಹದ ಗೆರೆಗೆರೆ ರೋಲರ್ ಉರುಳಿಸುತ್ತ, ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಅಂಚಿಗೆ ಅಟ್ಟುತ್ತಾರೆ. ಮೂವರಿಗೂ ಅವಸರ. ಮಗ್ಗಿನಲ್ಲಿರುವ ರೆಸಿನ್ ಆಗಲೇ ಬೆಚ್ಚಗಾಗತೊಡಗಿದೆ. ತಡಮಾಡಿದರೆ ಅಲ್ಲೇ ಗಟ್ಟಿಯಾಗಿ ಬ್ರಷ್ಷನ್ನೂ ಹಿಡಿದುಕೊಂಡುಬಿಡುತ್ತದೆ.

ಇದೇ ಕುಟುಂಬದ ವಸ್ತುವಿನಿಂದ ಬೆಂಗಳೂರಿನಲ್ಲಿ ತೇಜಸ್ ಯುದ್ಧವಿಮಾನದ ರೆಕ್ಕೆಗಳೂ ತಯಾರಾಗುತ್ತವೆ. ಅಲ್ಲಿ ಕೋಣೆಯ ಧೂಳು, ಉಷ್ಣಾಂಶ, ತೇವ ಎಲ್ಲಕ್ಕೂ ಲೆಕ್ಕವಿದೆ. ಅಲ್ಲಿಯೂ ನಾರು, ಅಲ್ಲಿಯೂ ರೆಸಿನ್. ಆದರೂ ದೋಣಿಗೂ ವಿಮಾನಕ್ಕೂ ಬೆಲೆಯಲ್ಲಿ, ಬಲದಲ್ಲಿ, ನಂಬಿಕೆಯಲ್ಲಿ ಅಜಗಜಾಂತರ. ಈ ಅಂತರದ ಬಹುಪಾಲು ಹುಟ್ಟುವುದು ತಯಾರಿಸುವ ವಿಧಾನದಿಂದ.

ಬಾಗಿಲು, ಮಾಡಿನ ಶೀಟು, ದೋಣಿ, ಬಸ್ಸಿನ ಮುಂಭಾಗ, ಗಾಳಿಯಂತ್ರದ ರೆಕ್ಕೆ ಎಲ್ಲವನ್ನೂ ನಾವು 'ಫೈಬರ್' ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಕೊಳ್ಳುವಾಗ ಕೇಳುವುದು 'ಇದು ಫೈಬರ್ರಾ?' ಎಂದಷ್ಟೇ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಇದನ್ನು ಹೇಗೆ ಮಾಡಿದ್ದಾರೆ ಎಂಬುದು.

ನಾರಿಗೂ ರೆಸಿನ್‌ಗೂ ಒಂದೊಂದು ಕೆಲಸ

ಆರ್‌ಸಿಸಿ ಕಟ್ಟಡದಲ್ಲಿ ಕಬ್ಬಿಣದ ಕಂಬಿ ಎಳೆತವನ್ನು ತಾಳಿಕೊಳ್ಳುತ್ತದೆ, ಕಾಂಕ್ರೀಟು ಕಂಬಿಯನ್ನು ಹಿಡಿದು ನಿಲ್ಲಿಸಿ ಆಕಾರ ಕೊಡುತ್ತದೆ. ಫೈಬರ್ ವಸ್ತುಗಳಲ್ಲೂ ಕೆಲಸದ ಹಂಚಿಕೆ ಹೀಗೇ ಇದೆ. ಗಾಜು, ಕಾರ್ಬನ್ ಅಥವಾ ಕೆವ್ಲರ್‌ನ ನಾರು ಎಳೆತಕ್ಕೆ ಎದೆಗೊಡುತ್ತದೆ. ಪಾಲಿಯೆಸ್ಟರ್, ಎಪಾಕ್ಸಿ ಮುಂತಾದ ರೆಸಿನ್ ಆ ನಾರುಗಳನ್ನು ಒಂದಕ್ಕೊಂದು ಬೆಸೆದು, ಒಂದು ಎಳೆಯ ಮೇಲೆ ಬಿದ್ದ ಭಾರವನ್ನು ಪಕ್ಕದ ಎಳೆಗಳಿಗೆ ದಾಟಿಸುತ್ತದೆ.

ಕಿಟಕಿಯ ಗಾಜು ಸಣ್ಣ ಪೆಟ್ಟಿಗೇ ಒಡೆಯುತ್ತದೆ. ಅದಕ್ಕೆ ಕಾರಣ ಮೈಮೇಲಿರುವ ಕಣ್ಣಿಗೆ ಕಾಣದ ಬಿರುಕುಗಳು. ಅದೇ ಗಾಜನ್ನು ಕರಗಿಸಿ, ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನ ದಪ್ಪಕ್ಕೆ ಎಳೆದಾಗ ಅಂಥ ದೊಡ್ಡ ದೋಷಗಳಿಗೆ ಜಾಗವೇ ಇರುವುದಿಲ್ಲ. ಬಲ ಹಲವು ಪಟ್ಟು ಏರುತ್ತದೆ. ಕಾರ್ಬನ್ ನಾರು ಇನ್ನೂ ತೆಳು, 5ರಿಂದ 7 ಮೈಕ್ರಾನ್. ತೂಕದಲ್ಲಿಯೂ ಲಾಭವಿದೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಗಾಜು ಸುಮಾರು 2.5 ಗ್ರಾಂ, ಕಾರ್ಬನ್ ನಾರು ಸುಮಾರು 1.8 ಗ್ರಾಂ. ತುಕ್ಕಿನ ಭಯವೂ ಇಲ್ಲ.

ಗಾಜಿನ ನಾರನ್ನು ಕಾರ್ಖಾನೆಯಲ್ಲಿ ಹೇರಳವಾಗಿ ಎಳೆಯುವ ವಿದ್ಯೆ ಅಮೆರಿಕದಲ್ಲಿ 1930ರ ದಶಕದಲ್ಲಿ ಕೈಗೂಡಿತು. 1953ರಲ್ಲಿ ಬಂದ ಷೆವ್ರೊಲೆ ಕಾರ್ವೆಟ್ ಕಾರಿನ ಮೈಯೇ ಗಾಜಿನ ನಾರಿನದು. ಅಲ್ಲಿಂದೀಚೆಗೆ ಈ ವಸ್ತು ಕಡಲಿಗೂ ಇಳಿದಿದೆ, ಬಾನಿಗೂ ಏರಿದೆ.

ವಸ್ತು ಹುಟ್ಟುವುದೇ ಅಚ್ಚಿನಲ್ಲಿ

ಉಕ್ಕಿನ ಗೇಟು ಮಾಡುವ ವೆಲ್ಡರ್ ಉಕ್ಕನ್ನು ತಾನೇ ತಯಾರಿಸುವುದಿಲ್ಲ. ಉಕ್ಕಿನ ಗುಣಕ್ಕೆ ಕಾರ್ಖಾನೆ ಜವಾಬ್ದಾರಿ, ಗೇಟಿನ ಆಕಾರಕ್ಕೆ ವೆಲ್ಡರ್ ಜವಾಬ್ದಾರಿ. ಫೈಬರ್‌ನಲ್ಲಿ ಈ ವಿಂಗಡಣೆ ಇಲ್ಲ. ನಾರು ಮತ್ತು ರೆಸಿನ್ ಒಂದಾಗಿ ಹೊಸ ವಸ್ತುವಾಗುವುದೂ, ಆ ವಸ್ತು ದೋಣಿಯಾಗುವುದೂ ಒಂದೇ ಅಚ್ಚಿನಲ್ಲಿ, ಒಂದೇ ಹೊತ್ತಿನಲ್ಲಿ. ಆದ್ದರಿಂದ ಶೆಡ್ಡಿನ ಕೆಲಸಗಾರರೇ ಇಲ್ಲಿ ವಸ್ತುವಿನ ತಯಾರಕರೂ ಹೌದು.

ಹುಟ್ಟಿದ ವಸ್ತುವಿನ ಗುಣ ಅಳೆಯಲು ಮೂರು ಮಾನದಂಡಗಳಿವೆ. ಒಂದು, ಒಟ್ಟು ಗಾತ್ರದಲ್ಲಿ ನಾರಿನ ಪಾಲೆಷ್ಟು. ನಾರೇ ಬಲ, ಹೆಚ್ಚುವರಿ ರೆಸಿನ್ ಬರೀ ಭಾರ. ಎರಡು, ಒಳಗೆ ಗಾಳಿಗುಳ್ಳೆ ಎಷ್ಟು ಉಳಿದಿದೆ. ಗುಳ್ಳೆ ಶೇ 1ರಷ್ಟು ಹೆಚ್ಚಾದರೆ ಪದರಗಳ ನಡುವಿನ ಹಿಡಿತ ಸುಮಾರು ಶೇ 7ರಷ್ಟು ಕುಗ್ಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಲೆಕ್ಕ. ಮೂರು, ನಾರುಗಳು ಬೇಕಾದ ದಿಕ್ಕಿನಲ್ಲಿ ನೆಟ್ಟಗಿವೆಯೇ ಎಂಬುದು. ನಾರಿನ ಬಲವೆಲ್ಲ ಅದರ ಉದ್ದಕ್ಕೆ ಮಾತ್ರ. ಸುಕ್ಕುಬಿದ್ದ ನಾರು, ವಿಶೇಷವಾಗಿ ಒತ್ತಡ ಬಿದ್ದಾಗ, ಮೊದಲು ಸೋಲುತ್ತದೆ.

ಎಲ್ಲ ತಯಾರಿಕಾ ವಿಧಾನಗಳೂ ಈ ಮೂರನ್ನು ಸಾಧಿಸಲು ಹೊರಟ ಬೇರೆಬೇರೆ ದಾರಿಗಳು.

ಕೈಯಿಂದ ಹಾಸುವುದು

ದೋಣಿ ಶೆಡ್ಡಿನಲ್ಲಿ ಕಂಡದ್ದು ಎಲ್ಲಕ್ಕಿಂತ ಹಳೆಯ, ಸರಳ ವಿಧಾನ. ಒಂದೇ ಬದಿಯ ಅಚ್ಚು, ಬ್ರಷ್ಷು, ರೋಲರ್ ಇದ್ದರೆ ಸಾಕು. ಒಲೆ ಬೇಡ, ಪ್ರೆಸ್ ಬೇಡ. ಹತ್ತು ದೋಣಿ ಬೇಕಾದವರಿಗೂ, ಒಂದು ದೇವಸ್ಥಾನದ ಅಲಂಕಾರಕ್ಕೆ ದೊಡ್ಡ ಕಮಾನು ಬೇಕಾದವರಿಗೂ ಇದು ಕೈಗೆಟಕುತ್ತದೆ. ಮುರಿದರೆ ದಡದಲ್ಲೇ ತೇಪೆ ಹಾಕಬಹುದು. ಮರದ ದೋಣಿಗಳ ಜಾಗಕ್ಕೆ ಫೈಬರ್ ದೋಣಿ ಅಷ್ಟು ಬೇಗ ಬರಲು ಈ ಸರಳತೆಯೂ ಕಾರಣ.

ಇದರ ಮಿತಿಗಳೂ ಅಷ್ಟೇ ಸ್ಪಷ್ಟ. ಕೈಯಿಂದ ಹಾಸಿದ ಮ್ಯಾಟಿನಲ್ಲಿ ನಾರಿನ ಪಾಲು ಗಾತ್ರದ ಲೆಕ್ಕದಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕಿಂತ ಮೇಲೇರುವುದು ಕಷ್ಟ. ಉಳಿದದ್ದೆಲ್ಲ ರೆಸಿನ್. ಬಲ ಬೇಕೆಂದರೆ ದಪ್ಪ ಹೆಚ್ಚಿಸಬೇಕು, ದಪ್ಪ ಹೆಚ್ಚಿದರೆ ಭಾರವೂ ಹೆಚ್ಚುತ್ತದೆ. ಬೆಳಿಗ್ಗೆ ಹಾಸಿದ ಭಾಗಕ್ಕೂ ಸಂಜೆ ದಣಿದ ಕೈ ಹಾಸಿದ ಭಾಗಕ್ಕೂ ವ್ಯತ್ಯಾಸವಿರುತ್ತದೆ. ಗುಳ್ಳೆ ಉಳಿದ ಕಡೆ ವರ್ಷಗಳ ನಂತರ ನೀರು ಇಳಿದು ದೋಣಿಯ ಮೈ ಬೊಬ್ಬೆ ಏಳುತ್ತದೆ.

ಇದನ್ನೇ ವೇಗವಾಗಿ ಮಾಡಲು ಸ್ಪ್ರೇ ಗನ್ ಬಳಸುವುದುಂಟು. ಗನ್ನು ನಾರನ್ನು ತುಂಡರಿಸುತ್ತ ರೆಸಿನ್ ಜೊತೆ ಅಚ್ಚಿನ ಮೇಲೆ ಎರಚುತ್ತದೆ. ಸ್ನಾನದ ಟಬ್ಬಿಗೆ, ಹೊದಿಕೆಗಳಿಗೆ ಸಾಕು. ನಾರು ಗಿಡ್ಡ, ದಿಕ್ಕಿಲ್ಲದ್ದು. ಹೆಚ್ಚು ಭಾರ ಹೊರುವ ಭಾಗಕ್ಕೆ ಒಗ್ಗುವುದಿಲ್ಲ.

ಗಾಳಿಯ ಭಾರವನ್ನೇ ಬಳಸಿಕೊಳ್ಳುವುದು

ಚಿತ್ರದುರ್ಗದ ಬೆಟ್ಟಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಯನ್ನು ಕೆಳಗಿನಿಂದ ನೋಡಿದರೆ ಅದರ ಉದ್ದದ ಅಂದಾಜು ಸಿಗುವುದಿಲ್ಲ. ಹೆದ್ದಾರಿಯಲ್ಲಿ ಉದ್ದನೆಯ ಟ್ರೇಲರ್ ಮೇಲೆ ಒಂದೇ ಒಂದು ರೆಕ್ಕೆ ಹೋಗುವಾಗ ಗೊತ್ತಾಗುತ್ತದೆ. ಇಂದಿನ ಯಂತ್ರಗಳಲ್ಲಿ 50-60 ಮೀಟರ್ ಉದ್ದದ ರೆಕ್ಕೆ ಸಾಮಾನ್ಯ. ಇಷ್ಟು ದೊಡ್ಡದನ್ನು ಬ್ರಷ್ಷಿನಿಂದ ಬಳಿದು ಮುಗಿಸುವಂತಿಲ್ಲ. ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿ ಸುಜ್ಲಾನ್ ಕಂಪನಿ ರೆಕ್ಕೆಗಳನ್ನು ತಯಾರಿಸಲೆಂದೇ ಘಟಕ ಹಾಕಿತು.

ದೊಡ್ಡ ರೆಕ್ಕೆಗಳಿಗೆ ಹೆಚ್ಚಾಗಿ ಬಳಸುವ ವಿಧಾನ ವ್ಯಾಕ್ಯೂಮ್ ಇನ್‌ಫ್ಯೂಷನ್. ಇದರಲ್ಲಿ ಮೊದಲು ನಾರಿನ ಬಟ್ಟೆಗಳನ್ನೂ, ನಡುವೆ ಹಗುರವಾದ ಬಾಲ್ಸಾ ಮರದ ಅಥವಾ ಫೋಮಿನ ಹಲಗೆಗಳನ್ನೂ ಒಣದಾಗಿಯೇ ಅಚ್ಚಿನಲ್ಲಿ ಜೋಡಿಸುತ್ತಾರೆ. ಸಮಯದ ಒತ್ತಡವಿಲ್ಲ, ಸುಕ್ಕು ಕಂಡರೆ ಬಿಡಿಸಬಹುದು. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತಲೂ ಅಂಟುಪಟ್ಟಿಯಿಂದ ಮುಚ್ಚಿ, ಪಂಪಿನಿಂದ ಒಳಗಿನ ಗಾಳಿ ತೆಗೆಯುತ್ತಾರೆ. ಆಗ ಹೊರಗಿನ ವಾತಾವರಣವೇ ಹಾಳೆಯನ್ನು ಚದರ ಮೀಟರಿಗೆ ಸುಮಾರು 10 ಟನ್ ಭಾರದಿಂದ ಅದುಮುತ್ತದೆ. ನಂತರ ಕೊಳವೆಗಳ ಬಾಯಿ ತೆರೆದರೆ ರೆಸಿನ್ ತಾನಾಗಿ ಒಳನುಗ್ಗಿ, ಒಣ ಬಟ್ಟೆಯನ್ನು ನೆನೆಸುತ್ತ ಮುಂದೆ ಸಾಗುತ್ತದೆ. ಹಾಳೆಯಡಿ ಆ ಒದ್ದೆಯ ಗೆರೆ ಮೆಲ್ಲಗೆ ಚಲಿಸುವುದು ಕಣ್ಣಿಗೇ ಕಾಣುತ್ತದೆ.

ಫಲವಾಗಿ ನಾರಿನ ಪಾಲು ಶೇ 50ರ ಆಸುಪಾಸಿಗೆ ಏರುತ್ತದೆ, ಗುಳ್ಳೆ ಕಡಿಮೆಯಾಗುತ್ತದೆ, ಕೆಲಸಗಾರರ ಮೂಗಿಗೆ ತಾಗುವ ಆವಿಯೂ ತಗ್ಗುತ್ತದೆ. ಆದರೆ ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಒಳಬಂದು ಇಡೀ ರೆಕ್ಕೆಯೇ ಕೆಡಬಹುದು. ಅದಕ್ಕಾಗಿಯೇ ರೆಸಿನ್ ಬಿಡುವ ಮೊದಲು ಪಂಪು ನಿಲ್ಲಿಸಿ, ಮಾಪಕದ ಮುಳ್ಳು ಕದಲುತ್ತದೆಯೇ ಎಂದು ಕಾದು ನೋಡುತ್ತಾರೆ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಇದೇ ತತ್ವವನ್ನು ವಿಮಾನದ ಮಟ್ಟಕ್ಕೆ ಏರಿಸಿ 'ವೆರಿಟಿ' ಎಂಬ ತನ್ನದೇ ವಿಧಾನ ರೂಪಿಸಿತು. ಸರಸ್ ವಿಮಾನದ ರೆಕ್ಕೆಗೆ ಅದನ್ನು ಬಳಸಿತು.

ಎರಡು ಅಚ್ಚುಗಳ ನಡುವೆ

ಸಾವಿರಾರು ಸಂಖ್ಯೆಯಲ್ಲಿ ಒಂದೇ ಭಾಗ ಬೇಕಾದಾಗ ಲೆಕ್ಕಾಚಾರ ಬದಲಾಗುತ್ತದೆ. ಮೇಲೊಂದು ಕೆಳಗೊಂದು ಲೋಹದ ಅಚ್ಚಿಟ್ಟು, ನಡುವೆ ಒಣ ನಾರನ್ನಿರಿಸಿ, ಒತ್ತಡದಿಂದ ರೆಸಿನ್ ನುಗ್ಗಿಸುವ ವಿಧಾನಕ್ಕೆ ಆರ್‌ಟಿಎಂ ಎಂದು ಹೆಸರು. ಭಾಗದ ಎರಡೂ ಮೈ ನುಣುಪಾಗಿ ಬರುತ್ತವೆ, ಅಳತೆ ಕರಾರುವಾಕ್ಕಾಗಿರುತ್ತದೆ. 2013ರಲ್ಲಿ ಬಂದ ಬಿಎಂಡಬ್ಲ್ಯು ಐ3 ಕಾರಿನ ಕಾರ್ಬನ್ ಚೌಕಟ್ಟಿನ ಭಾಗಗಳನ್ನು ಹೀಗೆಯೇ, ನಿಮಿಷಗಳ ಲೆಕ್ಕದಲ್ಲಿ ತಯಾರಿಸಿದರು.

ಇನ್ನೊಂದು ದಾರಿ ಎಸ್‌ಎಂಸಿ. ತುಂಡು ನಾರು ಮತ್ತು ರೆಸಿನ್ ಬೆರೆಸಿದ ಮೆತ್ತನೆಯ ಹಾಳೆಯನ್ನು ಕತ್ತರಿಸಿ, ಸುಮಾರು 150 ಡಿಗ್ರಿ ಬಿಸಿಯಾದ ಪ್ರೆಸ್ಸಿನಲ್ಲಿ ಅದುಮಿದರೆ ಎರಡು ಮೂರು ನಿಮಿಷದಲ್ಲಿ ಭಾಗ ಸಿದ್ಧ. ವಿದ್ಯುತ್ ಮೀಟರಿನ ಪೆಟ್ಟಿಗೆಗಳಲ್ಲಿ, ವಾಹನಗಳ ಹೊರಭಾಗಗಳಲ್ಲಿ ಇದರ ಬಳಕೆ ಹೆಚ್ಚು. ತೊಡಕಿರುವುದು ಆರಂಭದ ಖರ್ಚಿನಲ್ಲಿ. ಉಕ್ಕಿನ ಅಚ್ಚು, ಪ್ರೆಸ್ಸು ಬಲು ದುಬಾರಿ. ನೂರು ಭಾಗ ಮಾಡುವವರಿಗೆ ಆ ಹಣ ವಾಪಸಾಗುವುದಿಲ್ಲ.

ಸುತ್ತುವುದು, ಎಳೆಯುವುದು

ಕೊಳವೆ, ಸಿಲಿಂಡರ್, ರಾಕೆಟ್ಟಿನ ಕವಚ ಇವೆಲ್ಲ ದುಂಡನೆಯವು. ಇವುಗಳಿಗೆ ಹೇಳಿ ಮಾಡಿಸಿದ್ದು ಫಿಲಮೆಂಟ್ ವೈಂಡಿಂಗ್. ತಿರುಗುವ ದಿಂಡಿನ ಮೇಲೆ ರೆಸಿನ್‌ನಲ್ಲಿ ನೆಂದ ನಾರನ್ನು ಬಿಗಿಯಾಗಿ, ಲೆಕ್ಕ ಹಾಕಿದ ಓರೆಯಲ್ಲಿ ಯಂತ್ರ ಸುತ್ತುತ್ತದೆ. ಎರಡೂ ತುದಿ ಮುಚ್ಚಿದ ಕೊಳವೆಯೊಳಗೆ ಒತ್ತಡ ತುಂಬಿದಾಗ ಸುತ್ತಳತೆಯ ದಿಕ್ಕಿನ ಎಳೆತ ಉದ್ದದ ದಿಕ್ಕಿನದಕ್ಕಿಂತ ಎರಡು ಪಟ್ಟಿರುತ್ತದೆ. ಎರಡನ್ನೂ ಸರಿಯಾಗಿ ತಾಳಬೇಕಾದರೆ ನಾರು ಅಕ್ಷಕ್ಕೆ ಸುಮಾರು 55 ಡಿಗ್ರಿ ಓರೆಯಲ್ಲಿರಬೇಕು. ಬೇಕಾದ ಕಡೆ ಬೇಕಾದಷ್ಟೇ ಬಲ ಇಡುವ ಈ ಜಾಣ್ಮೆ ಉಕ್ಕಿನ ಹಾಳೆಯಿಂದ ಸಾಧ್ಯವಿಲ್ಲ.

2021ರಲ್ಲಿ ಇಂಡಿಯನ್ ಆಯಿಲ್ ಬಿಡುಗಡೆ ಮಾಡಿದ ಹಗುರ ಅಡುಗೆ ಅನಿಲ ಸಿಲಿಂಡರಿನ ಒಳಗೆ ಪ್ಲಾಸ್ಟಿಕ್ಕಿನ ಪಾತ್ರೆ, ಅದರ ಮೇಲೆ ಸುತ್ತಿದ ಗಾಜಿನ ನಾರು, ಹೊರಗೊಂದು ಪ್ಲಾಸ್ಟಿಕ್ ಕವಚವಿದೆ. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೂರನೇ ಹಂತದ ಕವಚವೂ ಕೆವ್ಲರ್ ನಾರು ಸುತ್ತಿ ಮಾಡಿದ್ದು.

ಸುತ್ತುವ ಬದಲು ಎಳೆದರೆ ಅದು ಪಲ್ಟ್ರೂಷನ್. ನೂರಾರು ನೂಲುಗಳು ರೆಸಿನ್ ತೊಟ್ಟಿಯಲ್ಲಿ ಮುಳುಗಿ, ಬಿಸಿಯಾದ ಡೈ ಒಳಗೆ ಹಾದು, ಆಚೆ ಬದಿಯಲ್ಲಿ ಗಟ್ಟಿಯಾದ ಸರಳಾಗಿಯೋ ಪಟ್ಟಿಯಾಗಿಯೋ ನಿರಂತರವಾಗಿ ಹೊರಬರುತ್ತವೆ. ಬೇಕಾದ ಉದ್ದಕ್ಕೆ ಕತ್ತರಿಸಿಕೊಂಡರಾಯಿತು. ವಿದ್ಯುತ್ ಕೆಲಸದವರ ಏಣಿ, ಕಾಂಪೋಸಿಟ್ ಇನ್ಸುಲೇಟರಿನ ನಡುವಿನ ಸರಳು, ಕಾಂಕ್ರೀಟಿಗೆ ಹಾಕುವ ಗಾಜುನಾರಿನ ಕಂಬಿ ಹೀಗೆ ಹುಟ್ಟುತ್ತವೆ. ಉದ್ದಕ್ಕೂ ಒಂದೇ ಅಡ್ಡಕೊಯ್ತ ಇರುವ ವಸ್ತುಗಳಿಗೆ ಮಾತ್ರ ಇದು ಸರಿ. ಕಡಲತೀರದ ಕಟ್ಟಡಗಳಲ್ಲಿ ತುಕ್ಕಿನ ಕಾಟಕ್ಕೆ ಇಂಥ ಕಂಬಿ ಒಳ್ಳೆಯ ಉತ್ತರ. ಆದರೆ ಅದನ್ನು ಸೈಟಿನಲ್ಲಿ ಬಗ್ಗಿಸಲು ಬರುವುದಿಲ್ಲ, ಬಿಗುಪು ಉಕ್ಕಿನ ಸುಮಾರು ನಾಲ್ಕನೇ ಒಂದು ಭಾಗ. ಉಕ್ಕಿನ ಕಂಬಿಯ ಲೆಕ್ಕವನ್ನೇ ಇದಕ್ಕೂ ಹಚ್ಚಿದರೆ ಅಪಾಯ.

ವಿಮಾನದ ಒಲೆ

ಎಲ್ಲಕ್ಕಿಂತ ಕಟ್ಟುನಿಟ್ಟಿನ ವಿಧಾನ ಪ್ರಿಪ್ರೆಗ್ ಮತ್ತು ಆಟೋಕ್ಲೇವ್‌ನದು. ಇಲ್ಲಿ ನಾರಿಗೆ ರೆಸಿನ್ ಕುಡಿಸುವುದನ್ನು ಕೆಲಸಗಾರನಿಗೆ ಬಿಡುವುದಿಲ್ಲ. ಕಾರ್ಖಾನೆಯೇ ಕರಾರುವಾಕ್ಕಾಗಿ ರೆಸಿನ್ ಹಚ್ಚಿದ ನಾರಿನ ಹಾಳೆಯನ್ನು ಸುರುಳಿ ಸುತ್ತಿ ಕಳಿಸುತ್ತದೆ. ಅದು ದಾರಿಯಲ್ಲೇ ಗಟ್ಟಿಯಾಗದಂತೆ ಸುಮಾರು ಮೈನಸ್ 18 ಡಿಗ್ರಿ ಚಳಿಯಲ್ಲಿ ಇಡಬೇಕು. ಹೊರತೆಗೆದ ಮೇಲೆ ಇಷ್ಟು ದಿನದೊಳಗೆ ಬಳಸಬೇಕೆಂಬ ಗಡುವಿದೆ. ಶುಭ್ರ ಕೋಣೆಯಲ್ಲಿ ಪದರದ ಮೇಲೆ ಪದರ, ಪ್ರತಿಯೊಂದೂ ಗೊತ್ತಾದ ದಿಕ್ಕಿನಲ್ಲಿ ಹಾಸಿ, ನಿರ್ವಾತ ಚೀಲದಲ್ಲಿ ಮುಚ್ಚಿ, ಆಟೋಕ್ಲೇವ್ ಎಂಬ ಬೃಹತ್ ಒತ್ತಡದ ಒಲೆಯೊಳಗೆ ತಳ್ಳುತ್ತಾರೆ. ಅಲ್ಲಿ ವಾತಾವರಣದ ಆರೇಳು ಪಟ್ಟು ಒತ್ತಡ, 180 ಡಿಗ್ರಿವರೆಗಿನ ಬಿಸಿ, ಗಂಟೆಗಟ್ಟಲೆ. ಹೊರಬಂದ ಭಾಗವನ್ನು ಶ್ರವಣಾತೀತ ಧ್ವನಿಯಿಂದ ಇಂಚಿಂಚೂ ಪರೀಕ್ಷಿಸುತ್ತಾರೆ. ನಾರಿನ ಪಾಲು ಶೇ 60ರಷ್ಟಿರುತ್ತದೆ; ಗುಳ್ಳೆ ಶೇ 1-2ನ್ನು ಮೀರಿದರೆ ಭಾಗ ತಿರಸ್ಕೃತ.

2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರಿದ ತೇಜಸ್‌ನ ಚೌಕಟ್ಟಿನ ತೂಕದಲ್ಲಿ ಸುಮಾರು ಶೇ 45 ಕಾರ್ಬನ್ ನಾರು, ರೆಸಿನ್ ಸೇರಿದ ಇಂಥ ಸಂಯೋಜಿತ ವಸ್ತು. ಅದರ ಬಾಲದ ನೆಟ್ಟನೆಯ ರೆಕ್ಕೆ ಮತ್ತು ರಡ್ಡರ್ ರೂಪಿಸಿದ್ದು ಎನ್‌ಎಎಲ್. ಬೇರೆಬೇರೆ ಭಾಗಗಳನ್ನು ರಿವೆಟ್ ಹೊಡೆದು ಸೇರಿಸುವ ಬದಲು ಒಟ್ಟಿಗೇ ಬೇಯಿಸಿ ಒಂದೇ ಭಾಗವಾಗಿಸುವ ವಿದ್ಯೆಯನ್ನು ಅಲ್ಲಿನ ವಿಜ್ಞಾನಿಗಳು ಕರಗತ ಮಾಡಿಕೊಂಡರು. ಆಟೋಕ್ಲೇವ್‌ಗಳನ್ನೂ ದೇಶದಲ್ಲೇ ವಿನ್ಯಾಸ ಮಾಡಿ ಕಟ್ಟಿಸಿದರು. ಕರ್ನಾಟಕ ಹೆಮ್ಮೆಪಡಬೇಕಾದ, ಆದರೆ ಸಾಕಷ್ಟು ತಿಳಿದುಕೊಳ್ಳದ ಸಾಧನೆ ಇದು. ಬೋಯಿಂಗ್ 787 ವಿಮಾನದ ತೂಕದಲ್ಲೂ ಅರ್ಧದಷ್ಟು ಸಂಯೋಜಿತ ವಸ್ತುವೇ.

ಟೈಟನ್ ಕಲಿಸಿದ ಪಾಠ

ಕಾರ್ಬನ್ ಎಂದಾಕ್ಷಣ ಗಟ್ಟಿ ಎಂದು ನಂಬುವವರು 2023ರ ಜೂನ್ 18ನ್ನು ನೆನಪಿಡಬೇಕು. ಟೈಟಾನಿಕ್ ಹಡಗಿನ ಅವಶೇಷ ನೋಡಲು ಸುಮಾರು 3,800 ಮೀಟರ್ ಆಳಕ್ಕೆ ಹೊರಟ ಟೈಟನ್ ಜಲಾಂತರ ವಾಹನ ಕಡಲೊಳಗೆ ಕುಸಿದು ಐವರು ಪ್ರಾಣ ಕಳೆದುಕೊಂಡರು. ಅದರ ಕವಚ ಕಾರ್ಬನ್ ನಾರು ಸುತ್ತಿ ಮಾಡಿದ, ಸುಮಾರು 5 ಇಂಚು ದಪ್ಪದ ಸಿಲಿಂಡರ್. ತನಿಖೆ ನಡೆಸಿದ ಅಮೆರಿಕದ ಸಂಸ್ಥೆಗಳು ಅದರ ಪದರಗಳಲ್ಲಿ ಸುಕ್ಕು, ಗುಳ್ಳೆ, ಟೊಳ್ಳುಗಳನ್ನು ಕಂಡವು.

ಸುತ್ತಿದ ಸಿಲಿಂಡರ್ ಒಳಗಿನ ಒತ್ತಡಕ್ಕೆ ಅತ್ಯುತ್ತಮ, ಏಕೆಂದರೆ ಆಗ ನಾರಿನ ಮೇಲೆ ಬೀಳುವುದು ಎಳೆತ. ಕಡಲಾಳದಲ್ಲಿ ಒತ್ತಡ ಹೊರಗಿನಿಂದ ಬರುತ್ತದೆ, ನಾರು ಅದುಮಿಸಿಕೊಳ್ಳುತ್ತದೆ. ಅಲ್ಲಿ ಅದರ ಸಾಮರ್ಥ್ಯ ಕಡಿಮೆ, ಸುಕ್ಕು ಮತ್ತು ಗುಳ್ಳೆಗಳ ಹಾನಿ ಹೆಚ್ಚು. ದುಬಾರಿ ನಾರು ತಂದ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ.

ಒಂದು ನೋಟದಲ್ಲಿ

- ಕೈಹಾಸು: ಕಡಿಮೆ ಬಂಡವಾಳ, ಯಾವ ಆಕಾರವೂ ಆದೀತು, ಗುಣಮಟ್ಟ ಕೆಲಸಗಾರರ ಕೈಯಲ್ಲಿ. ದೋಣಿ, ಕಮಾನು, ದುರಸ್ತಿ.
- ವ್ಯಾಕ್ಯೂಮ್ ಇನ್‌ಫ್ಯೂಷನ್: ದೊಡ್ಡ ಗಾತ್ರ, ಒಳ್ಳೆಯ ಬಲ, ಸೋರಿಕೆಯೇ ಶತ್ರು. ಗಾಳಿಯಂತ್ರದ ರೆಕ್ಕೆ, ದೊಡ್ಡ ದೋಣಿ.
- ಆರ್‌ಟಿಎಂ, ಎಸ್‌ಎಂಸಿ: ಸಾವಿರಗಟ್ಟಲೆ ಭಾಗ, ವೇಗ; ಅಚ್ಚು ದುಬಾರಿ. ಕಾರಿನ ಭಾಗ, ಮೀಟರ್ ಪೆಟ್ಟಿಗೆ.
- ವೈಂಡಿಂಗ್: ದುಂಡನೆಯವಕ್ಕೆ ಮಾತ್ರ. ಸಿಲಿಂಡರ್, ಕೊಳವೆ, ರಾಕೆಟ್ ಕವಚ.
- ಪಲ್ಟ್ರೂಷನ್: ಉದ್ದನೆಯ, ಏಕರೂಪದ ವಸ್ತು, ಅಗ್ಗ. ಏಣಿ, ಸರಳು, ಕಂಬಿ.
- ಆಟೋಕ್ಲೇವ್: ಅತ್ಯುನ್ನತ ಗುಣ, ಅತಿ ಹೆಚ್ಚು ಖರ್ಚು. ವಿಮಾನ, ಉಪಗ್ರಹ.

ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಎಷ್ಟು ಬೇಕು, ಯಾವ ಆಕಾರ, ಮುರಿದರೆ ಏನಾಗುತ್ತದೆ ಎಂಬ ಮೂರರ ಮೇಲೆ ಆಯ್ಕೆ ನಿಲ್ಲುತ್ತದೆ. ಹೂಕುಂಡಕ್ಕೆ ಆಟೋಕ್ಲೇವ್ ದುಂದು. ಜೀವ ಹೊರುವ ಭಾಗಕ್ಕೆ ಸ್ಪ್ರೇ ಗನ್ ಅಪರಾಧ.

ಕೆಲಸಗಾರರ ಉಸಿರು, ಹಳೆಯ ರೆಕ್ಕೆಯ ಗತಿ

ಪಾಲಿಯೆಸ್ಟರ್ ರೆಸಿನ್ನಿನ ಘಾಟು ಸ್ಟೈರೀನ್ ಆವಿಯದು. ದಿನವಿಡೀ ಉಸಿರಾಡಿದರೆ ಕಣ್ಣು ಉರಿ, ತಲೆನೋವು, ನರಗಳ ಮೇಲೂ ಪರಿಣಾಮ. ಗ್ರೈಂಡಿಂಗ್ ಮಾಡುವಾಗ ಹಾರುವ ಗಾಜಿನ ಪುಡಿ ಚರ್ಮ, ಶ್ವಾಸ ಎರಡನ್ನೂ ಕೆರಳಿಸುತ್ತದೆ. ಕೆಟಲಿಸ್ಟನ್ನೂ ಅದರ ಕೆಲಸ ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನೂ ನೇರವಾಗಿ ಬೆರೆಸಿದರೆ ಬೆಂಕಿ, ಸ್ಫೋಟದ ಅಪಾಯವಿದೆ; ಪ್ರತಿಯೊಂದನ್ನೂ ರೆಸಿನ್ನಿಗೆ ಬೇರೆಬೇರೆಯಾಗಿಯೇ ಸೇರಿಸಬೇಕು. ಸಣ್ಣ ಶೆಡ್ಡುಗಳಲ್ಲಿ ಬಾಯಿಗೆ ಕಟ್ಟಿಕೊಂಡ ಕರ್ಚೀಫು ಆವಿಯನ್ನು ತಡೆಯುವುದಿಲ್ಲ. ಸರಿಯಾದ ಮಾಸ್ಕು, ಕೈಗವಸು, ಗಾಳಿಯಾಡುವ ಜಾಗ ಇವು ಮಾಲೀಕರು ಕೊಡಲೇಬೇಕಾದ ಸೌಕರ್ಯಗಳು.

ಇನ್ನೊಂದು ಸಮಸ್ಯೆ ಬಾಳಿಕೆ ಮುಗಿದ ಮೇಲಿನದು. ಒಮ್ಮೆ ಗಟ್ಟಿಯಾದ ಎಪಾಕ್ಸಿ, ಪಾಲಿಯೆಸ್ಟರ್ ಮತ್ತೆ ಕರಗುವುದಿಲ್ಲ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಹಳೆಯ ಗಾಳಿಯಂತ್ರದ ರೆಕ್ಕೆಗಳನ್ನು ತುಂಡರಿಸಿ ನೆಲದಲ್ಲಿ ಹೂಳಲಾಗಿದೆ. ಸಿಮೆಂಟ್ ಗೂಡುಗಳಲ್ಲಿ ಸುಡುವುದು ಒಂದು ಪರಿಹಾರ: ರೆಸಿನ್ ಇಂಧನವಾಗುತ್ತದೆ, ಗಾಜು ಸಿಮೆಂಟಿನ ಭಾಗವಾಗುತ್ತದೆ. ಮತ್ತೆ ಕರಗಿಸಬಲ್ಲ ರೆಸಿನ್‌ಗಳ ರೆಕ್ಕೆಗಳೂ ಯುರೋಪಿನಲ್ಲಿ ಪ್ರಯೋಗದ ಹಂತ ದಾಟುತ್ತಿವೆ. ಗಾಳಿಯಂತ್ರಗಳು ತುಂಬಿರುವ ನಮ್ಮ ರಾಜ್ಯ ಈ ಯೋಚನೆಯನ್ನು ಈಗಲೇ ಮಾಡಬೇಕು.

ಕೊಳ್ಳುವ ಮುನ್ನ

ಮುಂದಿನ ಬಾರಿ ಫೈಬರ್ ವಸ್ತು ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಇದನ್ನು ಯಾವ ವಿಧಾನದಲ್ಲಿ ಮಾಡಿದ್ದೀರಿ? ಎಷ್ಟು ಪದರ, ಯಾವ ನಾರು, ಯಾವ ರೆಸಿನ್? ಪರೀಕ್ಷೆ ಮಾಡಿದ ದಾಖಲೆ ಇದೆಯೇ? ದೋಣಿಯಾದರೆ ಜೆಲ್‌ಕೋಟ್ ಇಲ್ಲದ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಮಚ್ಚೆಗಳಿದ್ದರೆ ಅಲ್ಲಿ ನಾರು ರೆಸಿನ್ ಕುಡಿದಿಲ್ಲ ಎಂದರ್ಥ. ನಾಣ್ಯದಿಂದ ಮೆಲ್ಲಗೆ ತಟ್ಟಿ. ಒಂದೇ ಸಮನಾದ ಗಟ್ಟಿ ಸದ್ದು ಬರಬೇಕು, ಮಂಕು ಸದ್ದು ಬಂದರೆ ಪದರ ಬಿಟ್ಟಿರಬಹುದು. ಸರಿಯಾಗಿ ಮಾಡಿದ ಫೈಬರ್ ದಶಕಗಳ ಕಾಲ ಬಾಳುತ್ತದೆ. ಹಾಗೆ ಮಾಡುವವರನ್ನು ಗುರುತಿಸಿ, ಆ ಕೆಲಸಕ್ಕೆ ತಕ್ಕ ಬೆಲೆ ಕೊಡಿ.